ತಾಕತ್ತಿನ ಗುಳಿಗೆ ಕೊಟ್ಟವರು ಯಾರು?

ಮಳೆಗಾಲ ಅರ್ಧ ಮುಗಿದು ತೊಗರಿ ಮೊಣಕಾಲೆತ್ತರ ಬೆಳೆಯುವ ಹೊತ್ತಿಗೆ ನಮ್ಮ ಶಾಲೆಗಳ ಅಂಗಳದಲ್ಲಿ ಸೀಟಿಯ ಸದ್ದು ಜೋರಾಗುತ್ತದೆ. ಮೊದಲು ವಲಯದ ಕೂಟ, ಆಮೇಲೆ ತಾಲ್ಲೂಕು, ಅದಾದ ಮೇಲೆ ಜಿಲ್ಲೆ. ಅಲ್ಲಿ ಗೆದ್ದವರಿಗೆ ವಿಭಾಗ, ವಿಭಾಗದಲ್ಲಿ ಗೆದ್ದವರಿಗೆ ರಾಜ್ಯ. ಕಮಲಾಪುರದ ಕಡೆಯ ಮಕ್ಕಳು ಬೆಳಗಿನ ಬಸ್ಸು ಹಿಡಿದು, ಹುಮನಾಬಾದ್ ರಸ್ತೆಗುಂಟ ಕಲಬುರಗಿಗೆ ಬಂದು, ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವ ಕಾಲವಿದು. ಕೆಲವರ ಕಾಲಲ್ಲಿ ಸ್ಪೈಕ್ಸ್ ಇರುತ್ತದೆ, ಕೆಲವರು ಬರಿಗಾಲಲ್ಲೇ ಓಡುತ್ತಾರೆ. ಓಡುವ ಉಮೇದು ಮಾತ್ರ ಎಲ್ಲರದೂ ಒಂದೇ.

ಆ ಉಮೇದಿನ ಹಿಂದೆ ಒಂದು ಲೆಕ್ಕವೂ ಇದೆ. ಆಟದ ಸರ್ಟಿಫಿಕೇಟು ಈಗ ಬರೀ ಗೋಡೆಗೆ ತೂಗುಹಾಕುವ ಕಾಗದವಲ್ಲ. ವೃತ್ತಿ ಶಿಕ್ಷಣದ ಸೀಟಿಗೆ ಕ್ರೀಡಾ ಕೋಟಾ ಇದೆ, ಪೊಲೀಸ್, ರೈಲ್ವೆ, ಸೈನ್ಯದ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಅವಕಾಶವಿದೆ, ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಎರಡೆಕರೆ ಒಣಬೇಸಾಯದ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ನಾನೂರು ಮೀಟರಿನ ಓಟವೊಂದು ಬದುಕಿನ ದಾರಿಯೇ ಆಗಬಹುದು. ಹಾಗಾಗಿ ತಂದೆತಾಯಿ ಆಸೆಪಟ್ಟರೆ ತಪ್ಪೆನ್ನಲಾಗದು. ಆದರೆ ಆ ಆಸೆಯ ಬೆನ್ನು ಹತ್ತಿ ಏನೇನು ಬರುತ್ತದೆ ಎಂಬುದನ್ನು ನೋಡಬೇಕಾಗಿದೆ.

ಕಮಲಾಪುರದ ಕಡೆಯ ಒಬ್ಬ ತಂದೆ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೊಡುತ್ತೇನೆ. “ಸರ್, ನಮ್ಮ ಹುಡುಗ ನಾನೂರು ಮೀಟರ್ ಓಡ್ತಾನ್ರಿ. ತಾಲೂಕಿನಾಗ ಫಸ್ಟ್ ಬಂದಾನ. ಈಗ ಜಿಲ್ಲಾಕ್ಕ ಹೋಗಬೇಕಾಗ್ಯದ. ಅಲ್ಲಿ ಬರೋ ಹುಡುಗರು ಓಡೋ ಮೊದಲ ಸೂಜಿ ಮಾಡಿಸ್ಕೊತಾರಂತ, ಗುಳಿಗಿ ತಗೋತಾರಂತ. ನಮ್ಮಂವಗೂ ಒಂದು ಮಾಡಿಸಿಬಿಡ್ಲೇನ್ರಿ? ಏನರ ಆಗ್ತದೇನು?”

ಗಮನಿಸಿ, ಆತ ಕೆಟ್ಟ ತಂದೆಯಲ್ಲ. ಮಗ ಬೀಡಿ ಸೇದಿದ್ದು ಗೊತ್ತಾದರೆ ಬಾರುಕೋಲು ಹಿಡಿಯುವಂಥವರು. ಗಾಂಜಾದ ಹೆಸರೆತ್ತಿದರೆ ಕೆಂಡವಾಗುವಂಥವರು. ಆದರೆ ಸೂಜಿಯನ್ನು ಅವರು ಆ ಸಾಲಿಗೆ ಸೇರಿಸಿಯೇ ಇಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿ. ಔಷಧಿ ಎಂದಮೇಲೆ ಅದರಲ್ಲಿ ಒಳ್ಳೆಯದೇ ಇರಬೇಕು. ಈ ವಾರದ ಅಂಕಣ ಇಡಿಯಾಗಿ ಈ ಒಂದು ನಂಬಿಕೆಯ ಮೇಲೆ.

ಮೊದಲು ಗಾಂಜಾದ ಮಾತನ್ನು ಮುಗಿಸಿಬಿಡೋಣ, ಏಕೆಂದರೆ ನಮ್ಮ ಭಾಷಣಗಳೆಲ್ಲ ಅದರ ಸುತ್ತಲೇ ಇವೆ. ಪ್ರತಿವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನವೆಂದು ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತೇವೆ. ಬೇಡವೆನ್ನುವುದಿಲ್ಲ, ನಮ್ಮ ಜಿಲ್ಲೆಗೆ ಅದರ ಅಗತ್ಯವಿದೆ. 2020ರ ಸೆಪ್ಟೆಂಬರ್‌ನಲ್ಲಿ ಕಾಳಗಿ ತಾಲ್ಲೂಕಿನ ತಾಂಡಾವೊಂದರ ಹತ್ತಿರ, ಕುರಿ ಸಾಕುವ ಜಾಗದಲ್ಲಿ ನೆಲದಡಿ ಬಚ್ಚಿಟ್ಟಿದ್ದ 1,300 ಕಿಲೋಗೂ ಹೆಚ್ಚು ಗಾಂಜಾವನ್ನು ಬೆಂಗಳೂರಿನ ಪೊಲೀಸರು ಬಂದು ಹಿಡಿದರು. 2022ರ ಸೆಪ್ಟೆಂಬರ್‌ನಲ್ಲಿ ಗಾಂಜಾದ ಜಾಡು ಹಿಡಿದು ಮಹಾರಾಷ್ಟ್ರದ ಗಡಿಗೆ ಹೋದ ನಮ್ಮ ಜಿಲ್ಲೆಯ ಪೊಲೀಸ್ ತಂಡದ ಮೇಲೆ ಗುಂಪು ಬಿದ್ದು, ವೃತ್ತ ನಿರೀಕ್ಷಕರೊಬ್ಬರು ತೀವ್ರವಾಗಿ ಗಾಯಗೊಂಡು ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಒಯ್ಯಬೇಕಾಯಿತು. ಸರಕು ಎಷ್ಟು ಹತ್ತಿರದಲ್ಲಿ ಓಡಾಡುತ್ತಿದೆ ಎಂಬುದಕ್ಕೆ ಇಷ್ಟು ಸಾಕು.

ಓಡುವ ಮಕ್ಕಳಿಗೆ ಒಂದು ಮಾತು. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಕೂಡುತ್ತದೆ. ರೂಢಿ ಇದ್ದವರ ಮೂತ್ರದಲ್ಲಿ ವಾರಗಟ್ಟಲೆ ಆದಮೇಲೂ ಅದರ ಗುರುತು ಸಿಗುತ್ತದೆ. ಅಮೆರಿಕದ ಶಕಾರಿ ರಿಚರ್ಡ್‌ಸನ್ 2021ರಲ್ಲಿ ತನ್ನ ದೇಶದ ಆಯ್ಕೆ ಕೂಟದಲ್ಲಿ ನೂರು ಮೀಟರ್ ಗೆದ್ದೂ ಟೋಕಿಯೋ ಒಲಿಂಪಿಕ್ಸ್‌ನ ಆ ಓಟ ತಪ್ಪಿಸಿಕೊಂಡದ್ದು ಇದರಿಂದಲೇ. ಶಿಕ್ಷೆ ಒಂದೇ ತಿಂಗಳು, ಆದರೆ ಕೈತಪ್ಪಿದ ಆ ಓಟ ಮರಳಿ ಸಿಗಲಿಲ್ಲ.

ಇರಲಿ. ಗಾಂಜಾ ಕೊಡುವವನು ಕತ್ತಲಲ್ಲಿ ನಿಂತಿರುತ್ತಾನೆ, ಅವನ ಬಗ್ಗೆ ಮಕ್ಕಳಿಗೆ ಅಷ್ಟಿಷ್ಟು ಭಯವಾದರೂ ಇರುತ್ತದೆ. ಆದರೆ ಆಟಗಾರ ಮಗುವಿಗೆ ಮೊದಲ ಗುಳಿಗೆ ಕೊಡುವವರು ಬೆಳಕಿನಲ್ಲಿಯೇ ನಿಂತಿರುತ್ತಾರೆ. ತರಬೇತಿ ಕೊಡುವ ಮಾಸ್ತರರೋ, ಜಿಮ್ಮಿನ ಅಣ್ಣನೋ, ಮೆಡಿಕಲ್ ಅಂಗಡಿಯ ಕಾಕಾನೋ, ಕೆಲವೊಮ್ಮೆ ಹೆತ್ತ ತಂದೆಯೋ ಆಗಿರುತ್ತಾರೆ. ಮಗು ಬೇಡವೆನ್ನುವುದು ಹೇಗೆ? ದೊಡ್ಡವರ ಮಾತು ಕೇಳಬೇಕೆಂದು ಹೇಳಿಕೊಟ್ಟವರೂ ನಾವೇ ಅಲ್ಲವೇ?

ಇದಕ್ಕೆ ಜಗತ್ತಿನ ಇತಿಹಾಸದಲ್ಲಿ ಬಹಳ ದೊಡ್ಡ ಉದಾಹರಣೆ ಇದೆ. ಹಿಂದಿನ ಪೂರ್ವ ಜರ್ಮನಿಯಲ್ಲಿ 1970 ಮತ್ತು 80ರ ದಶಕಗಳಲ್ಲಿ ಸರ್ಕಾರವೇ ಮುಂದೆ ನಿಂತು ಆಟಗಾರರಿಗೆ ನೀಲಿ ಗುಳಿಗೆಗಳನ್ನು ನುಂಗಿಸಿತು. ಹದಿಮೂರು ಹದಿನಾಲ್ಕರ ಈಜುಗಾರ್ತಿಯರಿಗೂ ಅದು ಹೋಯಿತು. ಏನಿದು ಎಂದು ಕೇಳಿದವರಿಗೆ ಸಿಕ್ಕ ಉತ್ತರ, “ವಿಟಮಿನ್”. ನಿಜದಲ್ಲಿ ಅದು ಗಂಡು ಹಾರ್ಮೋನಿನ ಮಾದರಿಯ ಸ್ಟೀರಾಯ್ಡ್. ಪದಕಗಳು ರಾಶಿ ರಾಶಿಯಾಗಿ ಬಂದವು. ಹುಡುಗಿಯರ ದನಿ ಒಡೆಯಿತು, ಮೈಮೇಲೆ ಕೂದಲು ಬೆಳೆಯಿತು, ಕೆಲವರಿಗೆ ಯಕೃತ್ತಿನ ತೊಂದರೆ, ಕೆಲವರಿಗೆ ಮುಂದೆ ಮಕ್ಕಳಾಗುವುದರಲ್ಲಿ ತೊಂದರೆ. ಆ ದೇಶವೇ ಇಲ್ಲವಾದ ಮೇಲೆ, 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಅದರ ಕ್ರೀಡಾ ಮುಖ್ಯಸ್ಥನಾಗಿದ್ದ ಮನ್‌ಫ್ರೆಡ್ ಎವಾಲ್ಡ್‌ನನ್ನು ತಪ್ಪಿತಸ್ಥನೆಂದು ಘೋಷಿಸಿತು. ಕಟಕಟೆಯಲ್ಲಿ ನಿಂತದ್ದು ನುಂಗಿದ ಮಕ್ಕಳಲ್ಲ, ನುಂಗಿಸಿದ ಹಿರಿಯರು.

ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ಆಂಡ್ರಿಯಾ ರಡುಕಾನ್ ಎಂಬ ಹದಿನಾರರ ಬಾಲಕಿ ಜಿಮ್ನಾಸ್ಟಿಕ್ಸ್‌ನ ಸಮಗ್ರ ಚಿನ್ನ ಗೆದ್ದಳು. ನೆಗಡಿಯಾಗಿದ್ದಕ್ಕೆ ತಂಡದ ವೈದ್ಯರೇ ಒಂದು ಮಾತ್ರೆ ಕೊಟ್ಟಿದ್ದರು. ಅದರಲ್ಲಿ ಸ್ಯೂಡೋಎಫೆಡ್ರಿನ್ ಇತ್ತು. ಪದಕ ಕಿತ್ತುಕೊಂಡರು. ಬಾಲಕಿಯ ತಪ್ಪಿಲ್ಲವೆಂದು ಎಲ್ಲರೂ ಒಪ್ಪಿದರು, ಆದರೆ ಪದಕ ಮಾತ್ರ ಹಿಂದಿರುಗಲಿಲ್ಲ. ಡೋಪಿಂಗ್ ನಿಯಮದ ಕಠೋರತೆ ಇದು: ಮೈಯಲ್ಲಿ ಸಿಕ್ಕಿದ್ದಕ್ಕೆ ಮೈಯ ಒಡೆಯನೇ ಹೊಣೆ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯಕ್ಕೇ ಬನ್ನಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನದಲ್ಲಿ ಪಾಲುದಾರರಾಗಿ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಾಗ ನಾವೆಲ್ಲ ಎದೆಯುಬ್ಬಿಸಿದ್ದೆವು. ಮರುವರ್ಷ ಅವರೂ ಜೊತೆಯ ಕೆಲವು ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಬೇರಿನ ಪೂರಕದಲ್ಲಿ ಅದು ಬೆರೆತಿತ್ತು ಎಂಬುದು ಓಟಗಾರ್ತಿಯರ ವಾದ. ಮೊದಲು ಒಂದು ವರ್ಷದ ನಿಷೇಧ ಬಂತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಏಷ್ಯಾದ ಚಾಂಪಿಯನ್ ಗತಿಯೇ ಹೀಗಾದರೆ, ಡಬ್ಬಿಯ ಮೇಲಿನ ಅಕ್ಷರವನ್ನೂ ಓದದೆ ನುಂಗುವ ಒಂಬತ್ತನೇ ತರಗತಿಯ ಹುಡುಗನ ಪಾಡೇನು?

ಇನ್ನೂ ಸಣ್ಣ ವಸ್ತು ಬೇಕೆ? ಕೆಮ್ಮಿನ ಸಿರಪ್ ನೋಡಿ. ಕ್ರಿಕೆಟಿಗ ಪೃಥ್ವಿ ಶಾ ಹತ್ತೊಂಬತ್ತರ ವಯಸ್ಸಿನಲ್ಲಿ, 2019ರಲ್ಲಿ, ಎಂಟು ತಿಂಗಳ ನಿಷೇಧ ಅನುಭವಿಸಿದ್ದು ಕೆಮ್ಮಿನ ಔಷಧಿಯಲ್ಲಿದ್ದ ಟರ್ಬುಟಲಿನ್‌ನಿಂದ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಟರ್ಬುಟಲಿನ್ ಇರುವ ಸಿರಪ್ ಸಾಮಾನ್ಯವಾಗಿ ಸಿಗುತ್ತದೆ, ನಿಮ್ಮ ಮನೆಯ ಗೂಡಿನಲ್ಲಿ ಈಗಲೇ ಒಂದು ಬಾಟಲಿ ಇದ್ದರೂ ಆಶ್ಚರ್ಯವಿಲ್ಲ. ಉಬ್ಬಸವಿರುವ ಮಕ್ಕಳು ಹೆದರಬೇಕಿಲ್ಲ. ವೈದ್ಯರ ದಾಖಲೆಯೊಂದಿಗೆ ಮೊದಲೇ ಅರ್ಜಿ ಹಾಕಿ ಔಷಧಿಗೆ ಅನುಮತಿ ಪಡೆಯುವ ವ್ಯವಸ್ಥೆ ಇದೆ. ಚಿಕಿತ್ಸೆ ಬಿಟ್ಟು ಓಡುವುದು ಅದಕ್ಕಿಂತ ದೊಡ್ಡ ಅಪಾಯ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಸೂಜಿ ಎಂದರೆ ಯಾವ ಸೂಜಿ? ಮಕ್ಕಳು ಒಂದೇ ಹೆಸರಿಟ್ಟರೂ ಅದರಲ್ಲಿ ಮೂರ್ನಾಲ್ಕು ಬಗೆ ಇವೆ.

ಒಂದು, ಮೆಫೆಂಟರ್ಮಿನ್. ಶಸ್ತ್ರಚಿಕಿತ್ಸೆಯ ಹೊತ್ತಿಗೆ ರೋಗಿಯ ರಕ್ತದೊತ್ತಡ ಕುಸಿದರೆ ಮೇಲೆತ್ತಲು ಅರಿವಳಿಕೆ ವೈದ್ಯರು ಬಳಸುವ ಔಷಧಿ ಇದು. ಆಪರೇಷನ್ ಕೋಣೆಯ ಈ ಬಾಟಲಿ ಜಿಮ್ಮಿಗೂ ಮೈದಾನಕ್ಕೂ ಇಳಿದಿರುವುದು ದೇಶದ ಹಲವೆಡೆ ಬಯಲಾಗಿದೆ. ಸೂಜಿ ಚುಚ್ಚಿದ ಕೂಡಲೇ ಎದೆ ಬಡಿತ ಏರುತ್ತದೆ, ದಣಿವು ಗೊತ್ತಾಗುವುದಿಲ್ಲ. ದಣಿವು ಎಂಬುದು ದೇಹ ಬಡಿಯುವ ಗಂಟೆ. ಗಂಟೆಯ ನಾಲಿಗೆ ಕಿತ್ತರೆ ಬೆಂಕಿ ಆರುತ್ತದೆಯೇ? ಕಲಬುರಗಿಯ ಬಿಸಿಲಿನಲ್ಲಿ, ನೀರು ಕಡಿಮೆಯಾದ ಮೈಯಲ್ಲಿ, ಏರಿದ ರಕ್ತದೊತ್ತಡದೊಂದಿಗೆ ಓಡುವ ಹುಡುಗನ ಹೃದಯ ಲಯ ತಪ್ಪಬಹುದು, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಇದಕ್ಕೆ ಚಟವೂ ಹತ್ತುತ್ತದೆ. ಇದು ನಿಷೇಧಿತ ಪಟ್ಟಿಯಲ್ಲಿಯೂ ಇದೆ.

ಎರಡು, ಸ್ಟೀರಾಯ್ಡ್. ಬೆಳೆಯುವ ಮಕ್ಕಳಿಗೆ ಇದರಷ್ಟು ದ್ರೋಹ ಮಾಡುವ ವಸ್ತು ಬೇರೊಂದಿಲ್ಲ. ಎಲುಬಿನ ತುದಿಗಳಲ್ಲಿ ಬೆಳವಣಿಗೆಗೆಂದು ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಅದು ಗಟ್ಟಿಯಾಗಿ ಮುಚ್ಚಿಕೊಳ್ಳುವ ತನಕ ಎತ್ತರ ಹೆಚ್ಚುತ್ತದೆ. ಸ್ಟೀರಾಯ್ಡ್ ಆ ಪಟ್ಟಿಯನ್ನು ಅವಧಿಗೆ ಮೊದಲೇ ಮುಚ್ಚಿಸಿಬಿಡುತ್ತದೆ. ಅಂದರೆ ಆರಡಿ ಆಗಬೇಕಾದ ಹುಡುಗ ಐದೂವರೆಗೇ ನಿಲ್ಲಬಹುದು. ಹುಡುಗರಿಗೆ ಎದೆ ಉಬ್ಬುತ್ತದೆ, ವೃಷಣ ಕುಗ್ಗುತ್ತದೆ; ಹುಡುಗಿಯರ ದನಿ ಗಡುಸಾದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಮುಖ ಬೆನ್ನಿನ ಮೇಲೆ ಒಮ್ಮೆಲೇ ಮೊಡವೆ, ಕಾರಣವಿಲ್ಲದ ಸಿಟ್ಟು, ಬಿಟ್ಟ ಮೇಲೆ ಮಂಕು. ಸಿಟ್ಟನ್ನೂ ಮೊಡವೆಯನ್ನೂ ನಾವು ಹರೆಯದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ, ಬಹುತೇಕ ಅದು ಸರಿಯೂ ಹೌದು. ಆದರೆ ಎರಡು ತಿಂಗಳಲ್ಲಿ ಎಂಟು ಹತ್ತು ಕಿಲೋ ಮಾಂಸ ಏರಿದರೆ ಅದು ಹರೆಯವಲ್ಲ, ಕೇಳಬೇಕು.

ಮೂರನೆಯದು ಹಳ್ಳಿಯ ಕಡೆ ಹೆಚ್ಚು, “ದಪ್ಪ ಆಗೋ ಗುಳಿಗಿ”. ಕಾಗದದಲ್ಲಿ ಸುತ್ತಿ, ಹೆಸರಿಲ್ಲದೆ ಕೊಡುತ್ತಾರೆ. ಇವುಗಳಲ್ಲಿ ಅನೇಕ ವೇಳೆ ಡೆಕ್ಸಾಮೆಥಾಸೋನ್ ಜಾತಿಯ ಮಾತ್ರೆ, ಜೊತೆಗೊಂದು ಹಸಿವೆಯ ಮಾತ್ರೆ ಇರುತ್ತದೆ. ಕಬಡ್ಡಿ ಆಡುವ ಸಣಕಲು ಹುಡುಗನ ಮುಖ ತಿಂಗಳೊಪ್ಪತ್ತಿನಲ್ಲಿ ದುಂಡಗಾಗುತ್ತದೆ, ಅವ್ವನಿಗೆ ಸಂತೋಷ. ಅದು ಮಾಂಸವಲ್ಲ, ನೀರು ಮತ್ತು ಕೊಬ್ಬು. ಒಳಗೆ ಎಲುಬು ಸೊರಗುತ್ತದೆ, ಸಕ್ಕರೆ ಏರುತ್ತದೆ, ಎತ್ತರದ ಬೆಳವಣಿಗೆ ಕುಂಟುತ್ತದೆ. ಬಹಳ ದಿನ ನುಂಗಿ ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೂ ಬರಬಹುದು. ಆದ್ದರಿಂದ ಇಂಥ ಗುಳಿಗೆ ನುಂಗುತ್ತಿರುವ ಮಗು ಮನೆಯಲ್ಲಿದ್ದರೆ ಈ ಲೇಖನ ಓದಿ ಕೂಡಲೇ ಕಸಕ್ಕೆ ಎಸೆಯಬೇಡಿ. ಗುಳಿಗೆಯನ್ನು ಕಾಗದದ ಸಮೇತ ವೈದ್ಯರ ಬಳಿ ಒಯ್ಯಿರಿ. ಹಂತ ಹಂತವಾಗಿ ಬಿಡಿಸುವುದು ಅವರಿಗೆ ಗೊತ್ತು.

ಇನ್ನು ನೋವಿನ ಸೂಜಿ. ಅದರಲ್ಲಿ ಬಹುಪಾಲು ನಿಷೇಧಿತವಲ್ಲ, ಹಾಗಾಗಿ ಇದನ್ನು ಯಾರೂ ದುರಭ್ಯಾಸವೆಂದು ಎಣಿಸುವುದೇ ಇಲ್ಲ. ಮೊಣಕಾಲು ಊದಿದೆ, ಇವತ್ತೇ ಫೈನಲ್ ಇದೆ, ಒಂದು ಡೈಕ್ಲೋಫೆನಾಕ್ ಚುಚ್ಚಿಸಿ ಇಳಿಸಿಬಿಡೋಣ ಎನ್ನುತ್ತೇವೆ. ಆ ದಿನ ಆಟ ಆಗುತ್ತದೆ. ವಾರ ಮಲಗಿ ಎದ್ದರೆ ವಾಸಿಯಾಗುತ್ತಿದ್ದ ಗಾಯ ವರ್ಷದ ಗಾಯವಾಗುತ್ತದೆ. ಬಿಸಿಲಿನಲ್ಲಿ ಬೆವರಿ ನೀರು ಬತ್ತಿದ ಮೈಗೆ ಈ ಔಷಧಿ ಬಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು. ಅದಕ್ಕೂ ಮಿಗಿಲಾಗಿ, ನೋವಾದಾಗಲೆಲ್ಲ ಸೂಜಿ ಎಂಬ ಪಾಠವನ್ನು ಹದಿನಾಲ್ಕನೆಯ ವಯಸ್ಸಿಗೇ ಕಲಿಸಿಬಿಟ್ಟಿರುತ್ತೇವೆ. ಮುಂದೆ ಮತ್ತೊಬ್ಬ ಮತ್ತೊಂದು ಸೂಜಿ ಹಿಡಿದು ಬಂದಾಗ ಆ ಹುಡುಗನಿಗೆ ಅದು ಹೊಸದೆನಿಸುವುದಿಲ್ಲ.

ಇದೆಲ್ಲ ದೆಹಲಿ ಹರಿಯಾಣದ ಕತೆ, ನಮ್ಮ ಮಕ್ಕಳಿಗೇಕೆ ಎನ್ನುವವರೂ ಇದ್ದಾರೆ. 2018ರಲ್ಲಿ ದೆಹಲಿಯಲ್ಲಿ ಹದಿನೇಳರೊಳಗಿನವರಿಗಾಗಿ ಮೊದಲ ಖೇಲೋ ಇಂಡಿಯಾ ಶಾಲಾ ಕೂಟ ನಡೆದಾಗ ದೇಶದ ಎಲ್ಲ ಕಡೆಯ ಶಾಲಾಮಕ್ಕಳು ಅಲ್ಲಿದ್ದರು. ಪರೀಕ್ಷೆಯಲ್ಲಿ 12 ಮಂದಿ ಸಿಕ್ಕಿಬಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ ಕೂಟದ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳು ಕಂಡವು. ಮರುದಿನ ಪರೀಕ್ಷಾಧಿಕಾರಿಗಳು ಬಂದರೆಂದು ಸುದ್ದಿಯಾದದ್ದೇ ತಡ, ನೂರು ಮೀಟರ್ ಫೈನಲಿಗೆ ಒಬ್ಬನೇ ಒಬ್ಬ ಓಟಗಾರ ನಿಂತ. ಕಿರಿಯರ ಸ್ಟೀಪಲ್‌ಚೇಸ್‌ನಲ್ಲಿ ಒಬ್ಬ ಹುಡುಗಿ ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಅಧಿಕಾರಿ ಬೆನ್ನಟ್ಟಬೇಕಾಯಿತು. ಓದಿದವರು ನಕ್ಕರು. ನಗುವ ಸಂಗತಿಯೇ ಅದು? ಆ ಹುಡುಗಿಗೆ ಓಡಿಹೋಗು ಎಂದು ಕಲಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ವಿಶ್ವ ಡೋಪಿಂಗ್ ನಿಗ್ರಹ ಸಂಸ್ಥೆ 2024ರ ಆರಂಭದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2012ರಿಂದೀಚೆಗೆ ಜಗತ್ತಿನಲ್ಲಿ 1,416 ಅಪ್ರಾಪ್ತ ಆಟಗಾರರು ಪರೀಕ್ಷೆಯಲ್ಲಿ ಸಿಕ್ಕಿದ್ದಾರೆ. ಅತ್ಯಂತ ಕಿರಿಯರಿಗೆ ಹನ್ನೆರಡೇ ವರ್ಷ. ಸಂಖ್ಯೆಯಲ್ಲಿ ರಷ್ಯದ ನಂತರದ ಸ್ಥಾನ ಭಾರತದ್ದು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ, 2024ರಲ್ಲಿ ನಮ್ಮ ದೇಶದ 7,113 ಮಾದರಿಗಳಲ್ಲಿ 260ರಲ್ಲಿ ದೋಷ ಕಂಡಿತು. ಇಷ್ಟೊಂದು ಪರೀಕ್ಷೆ ನಡೆಸುವ ದೇಶಗಳಲ್ಲಿ ಇಷ್ಟು ಪ್ರಮಾಣ ಬೇರೆಲ್ಲೂ ಇಲ್ಲ. ತಾಲ್ಲೂಕು, ಜಿಲ್ಲಾ ಕೂಟಗಳಿಗೆ ಪರೀಕ್ಷೆಯವರು ಸಾಮಾನ್ಯವಾಗಿ ಬರುವುದಿಲ್ಲ. ಬರುವುದಿಲ್ಲವೆಂಬ ಧೈರ್ಯವೇ ನಮ್ಮ ಕಡೆಯ ರೋಗ. ವಯಸ್ಸು ಕಡಿಮೆ ಬರೆಸಿ ಹದಿನೇಳರವನನ್ನು ಹದಿನಾಲ್ಕರವರ ಸಂಗಡ ಓಡಿಸುವುದಿದೆಯಲ್ಲ, ಅದೂ ಈ ಸೂಜಿಯೂ ಒಂದೇ ಬಳ್ಳಿಯ ಕಾಯಿ.

ನಿಯಮವೂ ಈಗ ಹಿರಿಯರ ಕಡೆ ತಿರುಗಿ ನೋಡತೊಡಗಿದೆ ಎಂಬುದು ಸಮಾಧಾನದ ಸಂಗತಿ. 2021ರಿಂದ ಜಾರಿಯಲ್ಲಿರುವ ಜಾಗತಿಕ ಸಂಹಿತೆಯಂತೆ ಹದಿನಾರರೊಳಗಿನ ಮಕ್ಕಳು ಸಂರಕ್ಷಿತರು. ಅವರು ಸಿಕ್ಕಿಬಿದ್ದರೆ ಅವರ ತರಬೇತುದಾರರನ್ನು ತಾನಾಗಿಯೇ ವಿಚಾರಣೆಗೆ ಒಳಪಡಿಸಬೇಕು. ಅಂಥ ಮಗುವಿಗೆ ನಿಷೇಧಿತ ವಸ್ತು ಕೊಟ್ಟ ತರಬೇತುದಾರನಿಗೆ ಆಜೀವ ನಿಷೇಧದವರೆಗೆ ಶಿಕ್ಷೆ ಇದೆ.

ಗುಟಕಾದ ಮಾತು ಬಿಟ್ಟರೆ ಕಲಬುರಗಿಯ ಅಂಕಣ ಪೂರ್ತಿಯಾಗದು. ರಾಜ್ಯದಲ್ಲಿ ಗುಟಕಾ ನಿಷೇಧವಾದದ್ದು 2013ರಲ್ಲಿ. ಆದದ್ದೇನು? ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ, ಎರಡನ್ನೂ ಅಂಗೈಯಲ್ಲಿ ಕೂಡಿಸಿದರೆ ಮತ್ತದೇ ಗುಟಕಾ. ಮಾವಾದ ಕತೆಯೂ ಅಷ್ಟೆ. ಶಾಲೆಯ ನೂರು ಮೀಟರಿನೊಳಗೆ ತಂಬಾಕು ಮಾರಬಾರದು. ಕೊಳ್ಳುವವರ ಕನಿಷ್ಠ ವಯಸ್ಸನ್ನು ರಾಜ್ಯದ ತಿದ್ದುಪಡಿ ಕಾಯ್ದೆ 18ರಿಂದ 21ಕ್ಕೆ ಏರಿಸಿದೆ, 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷದವರೆಗೆ ದಂಡ. ಕಾನೂನು ಇಷ್ಟು ಗಟ್ಟಿಯಿದೆ. ಆದರೆ “ಹೋಗಪಾ, ಅಂಗಡಿಗಿ ಹೋಗಿ ನನಗೊಂದು ಚೀಟ್ ತಗೊಂಬಾ” ಎಂದು ಮಗನ ಕೈಗೆ ಹತ್ತು ರೂಪಾಯಿ ಕೊಡುವ ಅಪ್ಪನ ಮುಂದೆ ಯಾವ ಕಾನೂನು ನಡೆದೀತು?

ಮೈದಾನದಲ್ಲಿ ಗುಟಕಾ ಹಾಕಿದ ಹುಡುಗರಿಗೆ ಒಂದು ಭ್ರಮೆ ಇದೆ: ಬಾಯಲ್ಲಿದ್ದರೆ ದಮ್ಮು ಬರುತ್ತದೆ, ಹಸಿವೆ ಆಗುವುದಿಲ್ಲ. ನಿಕೊಟಿನ್ ಎದೆ ಬಡಿತ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಅಂದರೆ ಓಡುವ ಮೊದಲೇ ಹೃದಯ ಅರ್ಧ ಓಡಿರುತ್ತದೆ. ನಿಕೊಟಿನ್ ಡೋಪಿಂಗ್ ಪಟ್ಟಿಯಲ್ಲಿ ನಿಷೇಧಿತವಲ್ಲ, ಹಾಗಾಗಿ ಪರೀಕ್ಷೆಯ ಭಯ ತೋರಿಸಿ ಇದನ್ನು ಬಿಡಿಸಲಾಗದು. ಬಾಯಿ ತೋರಿಸಿ ಬಿಡಿಸಬಹುದು. ಅಡಿಕೆ, ತಂಬಾಕು ಜಗಿಯುವವರ ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಬಾಯಿ ಕಿರಿದಾಗುತ್ತ ಹೋಗುತ್ತದೆ. ಬಾಯಿ ಅಗಲ ತೆರೆದು ತನ್ನವೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಲು ಹೇಳಿ. ಎರಡೇ ಹೋದರೆ ಆ ವಾರವೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಇದು ಕ್ಯಾನ್ಸರಿಗೆ ದಾರಿಯಾಗಬಲ್ಲ ಸ್ಥಿತಿ. ಮಾಸ್ತರರು ಪ್ರಾರ್ಥನೆಯ ಮೈದಾನದಲ್ಲಿ ಎಲ್ಲರಿಂದಲೂ ಒಮ್ಮೆ ಮಾಡಿಸಬಹುದು, ಎರಡು ನಿಮಿಷದ ಕೆಲಸ.

ಹಾಗಾದರೆ ಮಕ್ಕಳಿಗೆ ತಾಕತ್ತು ಬೇಡವೇ? ಬೇಕು, ಧಾರಾಳವಾಗಿ ಬೇಕು. ಸಾವಿರಾರು ರೂಪಾಯಿಯ ಪ್ರೊಟೀನ್ ಡಬ್ಬಿ ತರುವ ಪಾಲಕರು ಒಂದು ಸಂಗತಿ ತಿಳಿದಿರಲಿ. ನಮ್ಮ ದೇಶದ ಪೇಟೆಯಲ್ಲಿ ಸಿಗುವ 36 ಪ್ರೊಟೀನ್ ಪೂರಕಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 70 ಶೇಕಡಾ ಡಬ್ಬಿಗಳ ಮೇಲೆ ಬರೆದ ಪ್ರೊಟೀನಿನ ಲೆಕ್ಕವೇ ಸರಿಯಿರಲಿಲ್ಲ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೊಟೀನ್ ಇದೆ, ತೊಗರಿ ಬೇಳೆಯಲ್ಲಿ 22. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಶಾಲೆಯ ಊಟದಲ್ಲಿ ಮೊಟ್ಟೆ ಕೊಡುವ ಕೆಲಸ 2021ರ ಡಿಸೆಂಬರ್‌ನಲ್ಲಿ ಆರಂಭವಾದದ್ದೇ ನಮ್ಮ ಭಾಗದ ಜಿಲ್ಲೆಗಳಿಂದ. ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು, ಓಟಕ್ಕೆ ಗಂಟೆ ಮೊದಲು ಒಂದು ಬಾಳೆಹಣ್ಣು. ಕಮಲಾಪುರದವರಿಗೆ ಬಾಳೆಯ ಮಾತು ಹೇಳುವುದು ಅತ್ತೆಗೆ ಅಡುಗೆ ಕಲಿಸಿದಂತೆ. ಅವರ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಬಿಸಿಲಲ್ಲಿ ಉಪ್ಪು ಹಾಕಿದ ಮಜ್ಜಿಗೆ. ರಾತ್ರಿ ಎಂಟು ಗಂಟೆಯ ನಿದ್ದೆ, ಮೊಬೈಲು ಬೇರೆ ಕೋಣೆಯಲ್ಲಿ. ಇಪ್ಪತ್ತು ರೂಪಾಯಿಗೆ ಸಿಗುವ ಬಣ್ಣದ ಎನರ್ಜಿ ಡ್ರಿಂಕ್ ಬೇಡ. ಅದರಲ್ಲಿರುವ ಕೆಫೀನ್ ಮಕ್ಕಳಿಗೆ ಸೂಕ್ತವಲ್ಲವೆಂದು ಆ ಬಾಟಲಿಯ ಮೇಲೆಯೇ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ಮನೆಯಲ್ಲಿ ಮಾತಾಡುವ ಬಗೆಯ ಬಗ್ಗೆ ಒಂದಿಷ್ಟು. “ನೀ ಏನರ ತಗೋತಿಯೇನು?” ಎಂದು ಗದರಿಸಿ ಕೇಳಿದರೆ ಸಿಗುವ ಉತ್ತರ “ಇಲ್ರಿ” ಒಂದೇ. ಅದರ ಬದಲು “ನಿಮ್ಮ ಗ್ರೌಂಡಿನಾಗ ಹುಡುಗರು ಏನೇನು ತಗೋತಾರ?” ಎಂದು ಕೇಳಿ ನೋಡಿ. ಪರರ ಕತೆ ಹೇಳುತ್ತ ಹೇಳುತ್ತ ತನ್ನ ಕತೆಗೂ ಬರುತ್ತಾನೆ. ಬಂದಾಗ ಕೈ ಎತ್ತಬೇಡಿ. ಮತ್ತೊಂದು ಮಾತನ್ನು ಕೂಟಕ್ಕೆ ಹೊರಡುವ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ: ಯಾರೇ ಏನೇ ಕೊಟ್ಟರೂ, ಅವರು ಗುರುಗಳೇ ಆಗಿರಲಿ, ಮನೆಗೆ ಫೋನು ಮಾಡದೆ ನುಂಗುವ ಹಾಗಿಲ್ಲ, ಚುಚ್ಚಿಸಿಕೊಳ್ಳುವ ಹಾಗಿಲ್ಲ. ಇದರಿಂದ ಮಗುವಿಗೆ ಒಂದು ನೆಪ ಸಿಕ್ಕಂತಾಯಿತು. “ನಮ್ಮಪ್ಪ ಬೈತಾನ್ರಿ ಸರ್” ಎಂದು ಹೇಳಿ ತಪ್ಪಿಸಿಕೊಳ್ಳುವುದು, “ಇದು ತಪ್ಪು ಸರ್” ಎಂದು ಎದುರಾಡುವುದಕ್ಕಿಂತ ಹದಿನಾಲ್ಕರ ಹುಡುಗನಿಗೆ ಎಷ್ಟೋ ಸುಲಭ.

ದೈಹಿಕ ಶಿಕ್ಷಕರ ಮೇಲೆ ಇಷ್ಟೆಲ್ಲ ಹೇಳಿದ್ದು ಎಲ್ಲರಿಗೂ ಅನ್ವಯವೆಂದು ಯಾರೂ ತಿಳಿಯಬಾರದು. ಸ್ವಂತ ಹಣದಿಂದ ಮಕ್ಕಳಿಗೆ ಬನಿಯನ್, ಬಾಳೆಹಣ್ಣು ಕೊಡಿಸಿ ರಾಜ್ಯಮಟ್ಟಕ್ಕೆ ಕಳಿಸಿದ ಮಾಸ್ತರರು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ, ಹಾಗೂ ಸೂಜಿಯ ಸುದ್ದಿ ಮೊದಲು ಕಿವಿಗೆ ಬೀಳುವುದೂ ಅವರಿಗೇ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ಶಾಲೆಯೇ ಬರೆದಿಡಲಿ. ಮಕ್ಕಳ ಕೂಟಕ್ಕೆ ಸಿರಿಂಜು ಒಯ್ಯುವ ಕಾರಣವೇ ಇಲ್ಲ. ಮೆಡಿಕಲ್ ಅಂಗಡಿಯವರು ಚೀಟಿಯಿಲ್ಲದೆ ಶಾಲಾ ಹುಡುಗರಿಗೆ ಸೂಜಿ, ಸ್ಟೀರಾಯ್ಡ್ ಕೊಟ್ಟರೆ ಅದು ಕಾನೂನಿಗೆ ವಿರುದ್ಧ. ಅಂಥದ್ದು ಕಂಡರೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಬಹುದು.

ಈಗಾಗಲೇ ಅಭ್ಯಾಸಕ್ಕೆ ಬಿದ್ದ ಮಗುವಿದ್ದರೆ ಶಾಲೆ ಬಿಡಿಸುವುದೂ ತಂಡದಿಂದ ಕಿತ್ತುಹಾಕುವುದೂ ಉಪಾಯವಲ್ಲ. ಆಟ ಹೋದರೆ ಅವನ ಸಂಜೆ ಖಾಲಿ, ಖಾಲಿ ಸಂಜೆಗೆ ಪಾನ್ ಅಂಗಡಿಯೇ ಗತಿ. ತಂಬಾಕು ಬಿಡಿಸಲು ನೆರವಿನ ಸಂಖ್ಯೆ 1800-11-2356. ಮಾದಕ ವಸ್ತುವಿಗೆ 14446. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್, 14416. ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೂರಕ್ಕೂ ಹಣ ಕೊಡಬೇಕಿಲ್ಲ. ಎದುರು ಕೂತು ಮಾತಾಡಬೇಕೆನ್ನುವವರಿಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಸೂಜಿ ಬೇಡವೆಂದ ಕಾರಣಕ್ಕೆ ಮಗುವನ್ನು ತಂಡದಿಂದ ಕೈಬಿಟ್ಟರೆ ಮುಖ್ಯ ಗುರುಗಳಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಅಲ್ಲಿಯೂ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಅದಕ್ಕೆ ಮಗು ತಾನೇ ಫೋನು ಮಾಡಬಹುದು.